ಕತ್ತಿವರಸೆಯ ಚಿತ್ರದ ಎರಡನೆಯ ಭಾಗ: ಮಕ್ಕಳಿಗೆ ತೋರಿಸಬಹುದೇ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನ ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಐದೂವರೆ. ಕಡಲ್ಗಳ್ಳರ ಕಥೆಯ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಸರಣಿಯ ಮೊದಲ ಚಿತ್ರವನ್ನು ಮಗ ಟಿವಿಯಲ್ಲಿ ನೋಡಿ ಬಹಳ ಇಷ್ಟಪಟ್ಟ. ಬೇಸಿಗೆ ರಜೆಗೆ ಮೈದುನನ ಮಕ್ಕಳು ಬರುತ್ತಾರೆ. ಎಲ್ಲರೂ ಸೇರಿ ಎರಡನೆಯ ಚಿತ್ರವಾದ ‘ಡೆಡ್ ಮ್ಯಾನ್ಸ್ ಚೆಸ್ಟ್’ ನೋಡಬೇಕೆಂದು ಈಗಲೇ ಹಟ ಹಿಡಿದಿದ್ದಾರೆ. “ಮೊದಲನೆಯದನ್ನು ನೋಡಿದವನಿಗೆ ಎರಡನೆಯದು ಏನು ಮಹಾ, ಅದೇ ಕತ್ತಿವರಸೆ ತಾನೆ” ಎಂಬುದು ನಮ್ಮ ಯಜಮಾನರ ವಾದ. ನಾದಿನಿಯವರು ಬೇಡವೇ ಬೇಡ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ತೀರ್ಮಾನವನ್ನೇ ಹೇಳಿಬಿಡುತ್ತೇನೆ. ಮಗಳಿಗೆ ಈ ಚಿತ್ರ ಬೇಡ. ಮಗನಿಗೆ, ನೀವು ಅಥವಾ ನಿಮ್ಮ ಯಜಮಾನರು ಮೊದಲೇ ಒಮ್ಮೆ ಪೂರ್ತಿ ನೋಡಿ, ಆಮೇಲೆ ಪಕ್ಕದಲ್ಲಿ ಕುಳಿತು ತೋರಿಸುವುದಾದರೆ ತೋರಿಸಬಹುದು. ಇನ್ನೂ ಎರಡು ವರ್ಷ ತಡೆದರೆ ಮತ್ತೂ ಒಳ್ಳೆಯದು. ಹೀಗೆ ಹೇಳುವುದಕ್ಕೆ ಕಾರಣಗಳಿವೆ, ಮತ್ತು ಅವು ನಿಮ್ಮ ಮನೆಯ ಚರ್ಚೆಯಲ್ಲಿ ಬಂದಿರುವ ಕಾರಣಗಳಲ್ಲ.

ಯಜಮಾನರ ವಾದದಲ್ಲಿ ಅರ್ಧ ಸತ್ಯವಿದೆ. ಕತ್ತಿವರಸೆಯಿಂದ ನಿಮ್ಮ ಮಗನಿಗೆ ಏನೂ ಆಗುವುದಿಲ್ಲ. ಈ ಚಿತ್ರದ ಅತ್ಯಂತ ಉದ್ದನೆಯ ಕಾಳಗದಲ್ಲಿ ಮೂವರು ಗಂಡಸರು ಕಡಲದಡದಲ್ಲಿ ಕತ್ತಿ ಹಿರಿದು, ಪಾಳುಬಿದ್ದ ಚರ್ಚನ್ನು ಹಾದು, ಕಳಚಿಕೊಂಡು ಉರುಳುವ ದೊಡ್ಡ ನೀರಿನ ಚಕ್ರದ ಮೇಲೆ ಹತ್ತಿ, ಅದು ಉರುಳುತ್ತಿರುವಂತೆಯೇ ಅದರ ಒಳಗೂ ಹೊರಗೂ ಓಡಾಡುತ್ತ ಹೊಡೆದಾಡುತ್ತಾರೆ. ಒಂಬತ್ತು ವರ್ಷದ ಹುಡುಗ ಅದನ್ನು ಸರ್ಕಸ್ಸೆಂದೇ ತಿಳಿಯುತ್ತಾನೆ, ನಗುತ್ತಾನೆ, ಮರುದಿನ ಅಂಗಳದಲ್ಲಿ ಕೋಲು ಹಿಡಿದು ಅದನ್ನೇ ಆಡುತ್ತಾನೆ. ಆಟದಲ್ಲಿ ಕೋಲಿನ ತುದಿ ಇನ್ನೊಬ್ಬರ ಕಣ್ಣಿಗೆ ಹೋಗದಂತೆ ನೋಡಿಕೊಳ್ಳುವುದನ್ನು ಬಿಟ್ಟರೆ ಅಲ್ಲಿ ತಾಯಿ ಚಿಂತಿಸಬೇಕಾದದ್ದು ಹೆಚ್ಚೇನಿಲ್ಲ. ಚಿತ್ರ ಮಕ್ಕಳಿಗೆ ಹೊಂದುವುದೇ ಎಂದು ಕೇಳುವ ಬಹುಪಾಲು ತಂದೆತಾಯಿಯರು ಎಷ್ಟು ಹೊಡೆದಾಟ, ಎಷ್ಟು ರಕ್ತ ಎಂದು ಲೆಕ್ಕ ಹಾಕುತ್ತಾರೆ; ಸಾಹಸಚಿತ್ರಗಳ ವಿಷಯದಲ್ಲಿ ಆ ಲೆಕ್ಕ ದಾರಿ ತಪ್ಪಿಸುತ್ತದೆ.

ತೊಂದರೆ ಇರುವುದು ಕತ್ತಿ ಇಲ್ಲದ ದೃಶ್ಯಗಳಲ್ಲಿ. ಚಿತ್ರ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಒಂದು ಸೆರೆಮನೆ ಬರುತ್ತದೆ; ಅಲ್ಲಿ ಪಂಜರದಲ್ಲಿ ತೂಗುಹಾಕಿರುವ, ಇನ್ನೂ ಜೀವವಿರುವ ಕೈದಿಯೊಬ್ಬನ ಕಣ್ಣನ್ನು ಕಾಗೆ ಕುಕ್ಕುತ್ತದೆ. ಹೆಣದ ಪೆಟ್ಟಿಗೆಗಳನ್ನು ಕಡಲಿಗೆ ಎಸೆಯುತ್ತಾರೆ. ತೇಲುವ ಒಂದು ಪೆಟ್ಟಿಗೆಯ ಒಳಗಿಂದ ಗುಂಡು ಹಾರಿ ಕಾಗೆ ಸಾಯುತ್ತದೆ, ಕಥೆಯ ಮುಖ್ಯ ಕಡಲ್ಗಳ್ಳ ಜಾಕ್ ಸ್ಪ್ಯಾರೊ ಎದ್ದು ಬಂದು ಜೊತೆಯಲ್ಲಿದ್ದ ಹೆಣದ ಕಾಲಿನ ಮೂಳೆಯನ್ನು ಮುರಿದು ಹುಟ್ಟುಹಾಕುತ್ತಾನೆ. ದೊಡ್ಡವರಿಗೆ ಇದು ಕುಚೋದ್ಯ; ಮಗುವಿಗೆ ಉಳಿಯುವುದು ಕಾಗೆ ಮತ್ತು ಕಣ್ಣು. ಮುಂದೆ, ಗಡ್ಡದ ಜಾಗದಲ್ಲಿ ಆಕ್ಟೋಪಸ್ಸಿನ ತೋಳುಗಳು ಹೊರಳಾಡುವ ಡೇವಿ ಜೋನ್ಸ್ ಸಾಯುವ ನಾವಿಕರ ಮುಂದೆ ನಿಂತು ಸಾವಿಗೆ ಹೆದರುತ್ತೀರಾ ಎಂದು ಕೇಳುತ್ತಾನೆ. ಶರಣಾಗದವನ ಕುತ್ತಿಗೆ ಕೊಯ್ಯಿಸುತ್ತಾನೆ. ಅವನ ಹಡಗಿನ ಆಳುಗಳ ಮೈಗೆ ಚಿಪ್ಪು, ಹವಳ, ಮೀನಿನ ತಲೆಗಳು ಅಂಟಿ ಬೆಳೆದಿವೆ. ಇವೆಲ್ಲ ಕಂಪ್ಯೂಟರಿನಲ್ಲಿ ಎಷ್ಟು ನಂಬುವಂತೆ ಮೂಡಿಬಂದಿದ್ದವೆಂದರೆ, ಚಿತ್ರಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂತು. ಆ ನಂಬುವಂತಿರುವ ಗುಣವೇ ಇಲ್ಲಿ ನಮ್ಮ ಸಮಸ್ಯೆ.

ಇದಕ್ಕಿಂತ ಆಳಕ್ಕೆ ಇಳಿಯುವ ದೃಶ್ಯ ಇನ್ನೊಂದಿದೆ. ಡೇವಿ ಜೋನ್ಸನ ಹಡಗಿನಲ್ಲಿ ನಾಯಕರಲ್ಲೊಬ್ಬನಾದ ವಿಲ್ಲನಿಗೆ ಚಾಟಿಯೇಟಿನ ಶಿಕ್ಷೆಯಾಗುತ್ತದೆ. ಅದೇ ಹಡಗಿನಲ್ಲಿ ಆಳಾಗಿರುವ ಅವನ ಸ್ವಂತ ತಂದೆ ಚಾಟಿಯನ್ನು ತಾನೇ ಹಿಡಿದು ಮಗನ ಬೆನ್ನಿಗೆ ಹೊಡೆಯುತ್ತಾನೆ. ಬೇರೆಯವನು ಹೊಡೆದರೆ ಏಟು ಇನ್ನೂ ಕ್ರೂರವಾಗಿರುತ್ತಿತ್ತು, ಆದ್ದರಿಂದ ಪ್ರೀತಿಯಿಂದಲೇ ಅಪ್ಪ ಆ ಕೆಲಸಕ್ಕೆ ಒಪ್ಪಿದ ಎಂಬುದು ಆಮೇಲೆ ಮಾತಿನಲ್ಲಿ ತಿಳಿಯುತ್ತದೆ. ಒಂಬತ್ತು ವರ್ಷದ ಮಗುವಿಗೆ ರಾಕ್ಷಸನ ಮುಖಕ್ಕಿಂತ ಅಪ್ಪನ ಕೈಯ ಚಾಟಿ ಹೆಚ್ಚು ಕಾಡಬಹುದು. ಯಜಮಾನರು ಪಕ್ಕದಲ್ಲಿರಬೇಕೆಂದು ನಾನು ಹೇಳುವುದು ಮುಖ್ಯವಾಗಿ ಈ ಒಂದು ದೃಶ್ಯಕ್ಕಾಗಿ.

ಇಲ್ಲಿ ಮಾತಿನ ವಿಷಯವೂ ಬರುತ್ತದೆ. ಈ ಸರಣಿಯ ಹಾಸ್ಯದಲ್ಲಿ ಒಳ್ಳೆಯ ಪಾಲು ಸಂಭಾಷಣೆಯಲ್ಲಿದೆ. ಇಂಗ್ಲಿಷನ್ನು ಆ ವೇಗದಲ್ಲಿ ಹಿಡಿಯಲಾಗದ, ಪರದೆಯ ಕೆಳಗಿನ ಅಕ್ಷರಗಳನ್ನು ಓದಿ ಮುಗಿಸುವಷ್ಟರಲ್ಲಿ ದೃಶ್ಯವೇ ಬದಲಾಗಿಬಿಡುವ ನಮ್ಮ ಊರಿನ ಮಗುವಿಗೆ ಹಾಸ್ಯ ತಲುಪದೆ, ಅದು ಹಗುರಗೊಳಿಸಬೇಕಿದ್ದ ಭಯಾನಕ ಚಿತ್ರಗಳಷ್ಟೇ ತಲುಪುತ್ತವೆ. ಅಂದರೆ, ಒಂದೇ ವಯಸ್ಸಿನ ಇಬ್ಬರು ಮಕ್ಕಳಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವನು ನೋಡುವ ಚಿತ್ರಕ್ಕಿಂತ ಬಾರದವನು ನೋಡುವ ಚಿತ್ರ ಹೆಚ್ಚು ಕರಾಳವಾಗಿರುತ್ತದೆ. ವಿದೇಶದ ವಿಮರ್ಶೆ ಓದಿ ನಿರ್ಧರಿಸುವ ನಮ್ಮ ತಂದೆತಾಯಿಯರು ಇದನ್ನು ಗಮನಿಸುವುದು ಕಡಿಮೆ. ಪಕ್ಕದಲ್ಲಿ ಕುಳಿತವರು ಕನ್ನಡದಲ್ಲಿ ನಡುನಡುವೆ ಹೇಳಿಕೊಡುತ್ತಿದ್ದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

ಎರಡನೆಯ ಭಾಗ ಎಂಬುದರಲ್ಲೇ ಒಂದು ತೊಡಕಿದೆ. 2003ರ ಮೊದಲ ಚಿತ್ರದ ಕಥೆ ತನ್ನಷ್ಟಕ್ಕೆ ಮುಗಿಯುತ್ತದೆ: ಶಾಪ ಕಳೆಯುತ್ತದೆ, ಕೆಟ್ಟವನು ಸಾಯುತ್ತಾನೆ, ಜಾಕ್‌ಗೆ ಹಡಗು ಸಿಗುತ್ತದೆ. ಬೆಳದಿಂಗಳಲ್ಲಿ ಅಸ್ಥಿಪಂಜರಗಳಾಗುವ ಕಳ್ಳರನ್ನು ನೋಡಿ ಹೆದರಿದ ಮಗು ಕೊನೆಯಲ್ಲಿ ನಿಟ್ಟುಸಿರು ಬಿಟ್ಟು ಏಳುತ್ತದೆ. 2006ರ ಎರಡನೆಯ ಚಿತ್ರ ಹಾಗಲ್ಲ. ಕಥಾನಾಯಕಿ ಎಲಿಜಬೆತ್ ಜಾಕ್‌ನನ್ನು ಮುತ್ತಿಡುವ ನೆಪದಲ್ಲಿ ಹಡಗಿನ ಕಂಬಕ್ಕೆ ಬೇಡಿ ಹಾಕಿ ಬಿಟ್ಟುಹೋಗುತ್ತಾಳೆ. ಕ್ರಾಕೆನ್ ಎಂಬ ಕಡಲ ದೈತ್ಯ ಅವನನ್ನು ಹಡಗಿನ ಸಮೇತ ನುಂಗುತ್ತದೆ. ಅದಾದ ಸ್ವಲ್ಪದರಲ್ಲೇ ಚಿತ್ರ ಮುಗಿಯುತ್ತದೆ, ಕಥೆ ಮುಗಿಯುವುದಿಲ್ಲ. ನಿಮ್ಮ ಮಗ ಯಾರನ್ನು ಮೆಚ್ಚಿಕೊಂಡಿದ್ದಾನೋ ಅವನೇ, ತಾನು ನಂಬಿದವಳಿಂದಲೇ ಮೋಸಹೋಗಿ ಸಾಯುತ್ತಾನೆ, ಸಮಾಧಾನಕ್ಕೆ ಮುಂದಿನ ಚಿತ್ರಕ್ಕೆ ಕಾಯಬೇಕು. ಆ ಮೂರನೆಯ ಚಿತ್ರ ತೆರೆದುಕೊಳ್ಳುವುದು ಸಾಲು ಗಲ್ಲುಗಂಬಗಳ ಎದುರು, ಮತ್ತು ಕುಣಿಕೆಗೆ ಕತ್ತು ನಿಲುಕದೆ ಪೀಪಾಯಿಯ ಮೇಲೆ ನಿಲ್ಲಿಸಲ್ಪಡುವ ಒಬ್ಬ ಪುಟ್ಟ ಹುಡುಗನೂ ಆ ಸಾಲಿನಲ್ಲಿದ್ದಾನೆ. ಎರಡನೆಯದಕ್ಕೆ ಹೂಂ ಎಂದರೆ ಮೂರನೆಯದಕ್ಕೂ ಹೂಂ ಎಂದಂತೆಯೇ; ಹಾಗಾಗಿ ಎರಡನ್ನೂ ಸೇರಿಸಿಯೇ ಅಳೆಯಿರಿ.

ಮಗಳ ವಿಷಯ ಬೇರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಜೊಯಾನ್ ಕ್ಯಾಂಟರ್ ಅವರು ಮಕ್ಕಳ ಭಯವನ್ನು ಕುರಿತು ದೀರ್ಘಕಾಲ ಸಂಶೋಧನೆ ಮಾಡಿದವರು. ಒಳ್ಳೆಯವನಾದ ಮನುಷ್ಯನೊಬ್ಬ ಹಸಿರು ದೈತ್ಯನಾಗಿ ಬದಲಾಗುವ ಟಿವಿ ಸರಣಿಯನ್ನು ಮಕ್ಕಳಿಗೆ ತೋರಿಸಿ ನೋಡಿದಾಗ, ಶಾಲೆಗೆ ಸೇರುವ ಮುಂಚಿನ ವಯಸ್ಸಿನವರು ಅವನ ರೂಪ ಬದಲಾಗುವುದಕ್ಕೇ ಹೆದರಿದರು. ದೊಡ್ಡ ಮಕ್ಕಳು ಅವನು ಒಳ್ಳೆಯವನೆಂಬುದನ್ನು ನೆನಪಿಟ್ಟುಕೊಂಡು ಅಷ್ಟು ಹೆದರಲಿಲ್ಲ. ಏಳೆಂಟು ವರ್ಷದ ಒಳಗಿನವರಿಗೆ ಕಣ್ಣಿಗೆ ಕಂಡದ್ದೇ ಸತ್ಯ, ಕಥೆಯ ತರ್ಕ ಆಮೇಲಿನದು. ಈ ಚಿತ್ರವಾದರೋ ಮೊದಲಿಂದ ಕೊನೆಯವರೆಗೆ ರೂಪಗಳ ಮೇಲೆಯೇ ನಿಂತಿದೆ. ಅಣ್ಣಂದಿರೆಲ್ಲ ನೋಡುತ್ತಿರುವಾಗ ಅವಳೊಬ್ಬಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರೆ ಸದ್ದು ಅಲ್ಲಿಗೂ ಬರುತ್ತದೆ, ಅಳುವೂ ಬರುತ್ತದೆ. ನಾದಿನಿಯವರಿಗೆ ಬೇಡವಾದ ಚಿತ್ರವಾದ್ದರಿಂದ, ಆ ಮೂರು ಗಂಟೆ ಮಗಳನ್ನು ಅವರ ಜೊತೆ ಹೊರಗೆ ಕಳುಹಿಸಿ.

ಇನ್ನೊಂದು ಮಾತು ಬಿಡಲಾರೆ. ಇದೇ ಎರಡನೆಯ ಚಿತ್ರದ ಮೊದಲರ್ಧದಲ್ಲಿ ನರಭಕ್ಷಕರ ದ್ವೀಪವೊಂದಿದೆ. ಅಲ್ಲಿಯ ಜನರಿಗೆ ಇರುವುದು ಅರ್ಥವಾಗದ ಮಾತು, ಕೂಗು ಮತ್ತು ಹಸಿವು. ಚಿತ್ರೀಕರಣ ನಡೆದ ದೇಶಗಳಲ್ಲೊಂದಾದ ಡೊಮಿನಿಕಾದ ಮೂಲನಿವಾಸಿ ಕ್ಯಾರಿಬ್ ಜನರ ಮುಖಂಡರು ತಮ್ಮ ಪೂರ್ವಿಕರನ್ನು ಹೀಗೆ ತೋರಿಸುವುದನ್ನು ಬಹಿರಂಗವಾಗಿ ಆಕ್ಷೇಪಿಸಿದ್ದರು. ಮಗ ನಗುವಾಗ ತಡೆಯಬೇಕಿಲ್ಲ. ಮುಗಿದ ಮೇಲೆ ಆ ಕಡಲಲ್ಲಿ ನಿಜವಾಗಿ ಯಾರು ಬಾಳುತ್ತಿದ್ದರು, ಅವರ ನೆಲಕ್ಕೆ ಯಾರು ಬಂದರು ಎಂಬುದನ್ನು ಭೂಪಟ ಹರಡಿ ಮಾತಾಡಿದರೆ ಸಾಕು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹತ್ತು ವರ್ಷದ ಮಗಳನ್ನು ಸಹಪಾಠಿಯ ಮನೆಯವರು ರಾತ್ರಿ ತಂಗಲು ಕರೆದಿದ್ದಾರೆ. ಅಂದು ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ ಹಾಕುತ್ತಾರಂತೆ. ಅದಕ್ಕೆ ಇಲ್ಲಿ ಪಿಜಿ (ಪಾಲಕರ ಮಾರ್ಗದರ್ಶನವಿರಲಿ ಎಂಬ) ದರ್ಜೆ ಇದೆ, ಅಂದರೆ ಹದಿಮೂರರ ಒಳಗಿನವರ ಪಾಲಕರಿಗೆ ಗಟ್ಟಿ ಎಚ್ಚರಿಕೆ ಕೊಡುವ ಪಿಜಿ-13ಕ್ಕಿಂತ ಸೌಮ್ಯ. ಕಳುಹಿಸಬಹುದಲ್ಲವೇ?
– ಓದುಗರೊಬ್ಬರು, ಎಡಿಸನ್

ಉತ್ತರ: ಆ ದರ್ಜೆಯನ್ನು ನಂಬಬೇಡಿ. ಅದು ಸುಳ್ಳೆಂದಲ್ಲ, ಹಳೆಯದೆಂದು. 1984ರ ಬೇಸಿಗೆಯಲ್ಲಿ ಈ ಚಿತ್ರ ತೆರೆಕಂಡಾಗ ಅಮೆರಿಕದಲ್ಲಿ ಪಿಜಿಗೂ, ಹದಿನೇಳರ ಒಳಗಿನವರನ್ನು ಪಾಲಕರಿಲ್ಲದೆ ಬಿಡದ ಆರ್‌ಗೂ ನಡುವೆ ದರ್ಜೆಯೇ ಇರಲಿಲ್ಲ. ಬದುಕಿರುವ ಮನುಷ್ಯನ ಎದೆಗೆ ಕೈ ಹಾಕಿ ಹೃದಯವನ್ನು ಕೀಳುವ ದೃಶ್ಯವನ್ನು ಪಿಜಿ ಎಂದು ನಂಬಿ ಮಕ್ಕಳನ್ನು ಕರೆತಂದ ತಂದೆತಾಯಿಯರು ಸಿಟ್ಟಾದರು. ಅದೇ ಬೇಸಿಗೆಯ ‘ಗ್ರೆಮ್ಲಿನ್ಸ್’ ಕೂಡ ಆ ಸಿಟ್ಟಿಗೆ ಕಾರಣವಾಗಿತ್ತು. ನಡುವೆ ಹೊಸ ದರ್ಜೆ ಬೇಕೆಂದು ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ ಅವರೇ ಸೂಚಿಸಿದರು; ಆ ವರ್ಷದ ಜುಲೈಯಲ್ಲಿ ಪಿಜಿ-13 ಜಾರಿಗೆ ಬಂತು. ಅಂದರೆ, ಈ ಚಿತ್ರದಿಂದಾಗಿಯೇ ಹುಟ್ಟಿದ ದರ್ಜೆ ಈ ಚಿತ್ರಕ್ಕೆ ಅಂಟಿಕೊಂಡಿಲ್ಲ. ಬ್ರಿಟನ್ನಿನಲ್ಲಿಯೂ ಅಂದು ಕತ್ತರಿ ಹಾಕಿಸಿಕೊಂಡ ಮೇಲೆಯೇ ಇದಕ್ಕೆ ಪಿಜಿ ಸಿಕ್ಕಿತ್ತು.

ನಿಮ್ಮ ಮಗಳ ವಿಷಯದಲ್ಲಿ ನನ್ನನ್ನು ಯೋಚನೆಗೆ ಹಚ್ಚುವುದು ಹೃದಯ ಕೀಳುವ ದೃಶ್ಯಕ್ಕಿಂತ ಊಟದ ದೃಶ್ಯ. ಕಥೆ ನಡೆಯುವುದು 1935ರ ಭಾರತದಲ್ಲಿ. ಚಿತ್ರಕಥೆಗೆ ಇಲ್ಲಿ ಆಕ್ಷೇಪ ಬಂದದ್ದರಿಂದ ಚಿತ್ರೀಕರಣ ಶ್ರೀಲಂಕಾದಲ್ಲಿ ನಡೆಯಿತು. ಅರಮನೆಯ ಔತಣದಲ್ಲಿ ಹಾವಿನೊಳಗಿಂದ ಮರಿಹಾವುಗಳು, ಜೀರುಂಡೆಗಳು, ಕಣ್ಣುಗುಡ್ಡೆ ತೇಲುವ ಸಾರು, ತಣ್ಣಗಾದ ಕೋತಿಯ ಮೆದುಳು ಬಡಿಸಲಾಗುತ್ತದೆ. ಆಮೇಲೆ ಕಾಳಿಯ ಹೆಸರಿನಲ್ಲಿ ನರಬಲಿ. ಬಲಿ ಕೊಡುವ ಪೂಜಾರಿ, ಅಮರೀಶ್ ಪುರಿ ಅವರು ಅಭಿನಯಿಸಿದ ಮೋಲಾ ರಾಮ್. ಆ ಕೋಣೆಯಲ್ಲಿ ಕುಳಿತಿರುವ ಐದಾರು ಹುಡುಗಿಯರಲ್ಲಿ ನಿಮ್ಮ ಮಗಳೊಬ್ಬಳೇ ಭಾರತೀಯಳಾಗಿದ್ದರೆ, ಔತಣ ಮುಗಿಯುವ ಮೊದಲೇ ಉಳಿದವರ ಕಣ್ಣು ಅವಳ ಕಡೆ ತಿರುಗುತ್ತದೆ. ಯಾರೂ ಕೆಟ್ಟ ಉದ್ದೇಶದಿಂದ ಕೇಳದಿದ್ದರೂ, “ನಿಮ್ಮ ಮನೆಯಲ್ಲೂ ಹೀಗೆಯೇ?” ಎಂಬ ಪ್ರಶ್ನೆಗೆ ಹತ್ತು ವರ್ಷದ ಮಗು ರಾತ್ರಿ ಹತ್ತು ಗಂಟೆಗೆ, ಬೇರೆಯವರ ಮನೆಯಲ್ಲಿ ಉತ್ತರ ಹುಡುಕಬೇಕಾಗುತ್ತದೆ. ಇಂಥ ಹಾನಿಯನ್ನು ಯಾವ ದೇಶದ ಯಾವ ದರ್ಜೆಯೂ ಅಳೆಯುವುದಿಲ್ಲ.

ಕಳುಹಿಸಬೇಡಿ ಎನ್ನುತ್ತಿಲ್ಲ. ಆ ಮನೆಯ ತಾಯಿಗೆ ಫೋನ್ ಮಾಡಿ, ಬೇರೆ ಚಿತ್ರ ಹಾಕಲಾದೀತೇ ಎಂದು ನೇರವಾಗಿ ಕೇಳಿ, ಕಾರಣವನ್ನೂ ಹೇಳಿ. ನಮ್ಮವರು ಸಂಕೋಚದಿಂದ ಸುಮ್ಮನಿದ್ದು, ಆಮೇಲೆ ಮಗಳಿಗೆ ತಲೆನೋವೆಂದು ಸುಳ್ಳು ಹೇಳುವುದನ್ನು ಕಂಡಿದ್ದೇನೆ. ಚಿತ್ರ ಬದಲಾಗದಿದ್ದರೆ, ನೀವು ಮನೆಯಲ್ಲೇ ಮಗಳ ಜೊತೆ ಆ ಔತಣದ ದೃಶ್ಯವನ್ನು ಮೊದಲೇ ನೋಡಿ, ಇದು ನಮ್ಮನ್ನು ನೋಡದೆ ಬರೆದವರ ಕಲ್ಪನೆ ಎಂದು ಹೇಳಿ ಕಳುಹಿಸಿ. ಎದೆ ಸೀಳುವ ಜಾಗದಲ್ಲಿ ಎದ್ದು ನೀರು ಕುಡಿಯಲು ಹೋಗಬಹುದೆಂಬುದನ್ನೂ ತಿಳಿಸಿರಿ.

ಪ್ರಶ್ನೆ: ಪ್ರೌಢಶಾಲೆಯ ಶಿಕ್ಷಕ ನಾನು. ಯುಎ 13+ ಎಂದು ನಮೂದಾಗಿರುವ ಸಾಹಸಚಿತ್ರದ ಎರಡನೆಯ ಭಾಗಕ್ಕೆ ನಮ್ಮ ಏಳನೆಯ ತರಗತಿಯ ಹುಡುಗರು ಹೋಗಿಬಂದದ್ದು ತಿಳಿಯಿತು. ಚಿತ್ರಮಂದಿರದವರು ತಡೆಯಬೇಕಿತ್ತಲ್ಲವೇ?
– ಓದುಗರೊಬ್ಬರು, ಸಾಗರ

ಉತ್ತರ: ಕಾನೂನಿನ ಪ್ರಕಾರ ತಡೆಯಬೇಕಾಗಿರುವುದು ‘ಎ’ ಪ್ರಮಾಣಪತ್ರದ ಚಿತ್ರಕ್ಕೆ ಬರುವ ಹದಿನೆಂಟರ ಒಳಗಿನವರನ್ನು ಮಾತ್ರ. 1983ರಲ್ಲಿ ಬಂದ ಯು/ಎ ದರ್ಜೆ ಹನ್ನೆರಡು ವರ್ಷದ ಒಳಗಿನ ಮಕ್ಕಳ ತಂದೆತಾಯಿಯರಿಗೆ ಕೊಡುವ ಎಚ್ಚರಿಕೆಯಾಗಿತ್ತು. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಅದನ್ನು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿಸಿತು. ಆದರೂ ಆ ಅಂಕಿ ಪಾಲಕರ ತಿಳಿವಳಿಕೆಗಾಗಿ ಇರುವುದೇ ಹೊರತು ಬಾಗಿಲಲ್ಲಿ ಟಿಕೆಟ್ ಹರಿಯುವವರಿಗಲ್ಲ. ಹಳೆಯ ಚಿತ್ರಗಳ ಮೇಲೆ ಬರಿಯ ಯು/ಎ ಎಂದಷ್ಟೇ ಇರುತ್ತದೆ, ವಯಸ್ಸು ಇರುವುದಿಲ್ಲ. ಒಟಿಟಿಗಳಿಗೆ 2021ರ ನಿಯಮಗಳು ಬೇರೆ ಇವೆ: ಅಲ್ಲಿ ಯು/ಎ 13+ ಮತ್ತು ಅದರ ಮೇಲಿನ ದರ್ಜೆಯ ಚಿತ್ರಗಳಿಗೆ ಪಾಲಕರು ಬೀಗ ಹಾಕುವ ಸೌಲಭ್ಯವನ್ನು ಕಂಪನಿ ಕೊಡಲೇಬೇಕು. ಕೊಟ್ಟಿರುವ ಆ ಬೀಗವನ್ನು ಹಾಕಿಕೊಂಡಿರುವ ಮನೆಗಳು ಎಷ್ಟಿವೆಯೆಂದು ನಿಮ್ಮ ಮುಂದಿನ ಪಾಲಕರ ಸಭೆಯಲ್ಲಿ ಕೇಳಿ ನೋಡಿ.

ದೇಶ ಬದಲಾದರೆ ತೀರ್ಪೂ ಬದಲಾಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ‘ಬಾಹುಬಲಿ 2’. 2017ರಲ್ಲಿ ನಮ್ಮಲ್ಲಿ ಅದಕ್ಕೆ ಯು/ಎ. ನಾಲ್ಕು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜನ ನೋಡಿದರು. ಅದೇ ಚಿತ್ರಕ್ಕೆ ಸಿಂಗಪುರದಲ್ಲಿ ಎನ್‌ಸಿ 16, ಅಂದರೆ ಹದಿನಾರರ ಒಳಗಿನವರಿಗೆ, ತಂದೆತಾಯಿ ಜೊತೆಗಿದ್ದರೂ ಪ್ರವೇಶವಿಲ್ಲ. ತುಂಬಿದ ಸಭೆಯಲ್ಲಿ ಒಬ್ಬನ ತಲೆ ಕಡಿಯುವ ದೃಶ್ಯ ಅದರಲ್ಲಿದೆ. ನಮ್ಮ ಪ್ರೇಕ್ಷಕರು ಅಲ್ಲಿ ಚಪ್ಪಾಳೆ ತಟ್ಟಿದರು, ಏಕೆಂದರೆ ಸತ್ತವನು ಹೆಣ್ಣುಮಕ್ಕಳ ಮೈಮೇಲೆ ಕೈಹಾಕಿದವನು. ನನ್ನನ್ನು ಕೇಳಿದರೆ, ಏಳನೆಯ ತರಗತಿಯ ಹುಡುಗರ ಜೊತೆ ನೀವು ಮಾತಾಡಬೇಕಾದದ್ದು ಆ ಚಪ್ಪಾಳೆಯ ಬಗ್ಗೆಯೇ: ತಪ್ಪು ಮಾಡಿದವನಿಗೆ ವಿಚಾರಣೆಯಿಲ್ಲದೆ ಶಿಕ್ಷೆಯಾದಾಗ ನಮಗೆ ಏಕೆ ಅಷ್ಟು ಹಿತವಾಗುತ್ತದೆ? ಹದಿಮೂರು ವರ್ಷದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ, ಅವರು ಚೆನ್ನಾಗಿ ವಾದವನ್ನೂ ಮಾಡುತ್ತಾರೆ.

ಪ್ರಶ್ನೆ: ನಾವೆಲ್ಲ ಚಿಕ್ಕಂದಿನಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರು. ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುವುದನ್ನು ಕಂಡೇ ಬೆಳೆದೆವು. ಈಗಿನ ತಂದೆತಾಯಿಯರ ಈ ಅಳತೆ, ತೂಕ ಎಲ್ಲ ಅತಿಯಲ್ಲವೇ?
– ಹಿರಿಯ ಓದುಗರೊಬ್ಬರು, ಕುಂದಾಪುರ

ಉತ್ತರ: ಹಿರಿಯರೇ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಮಕ್ಕಳಿಗೆ ಭಯವೇ ತಾಗಬಾರದೆಂದು ಬೆಳೆಸುವುದೂ ಒಂದು ಬಗೆಯ ಅನ್ಯಾಯ. ಹೆದರಿ, ಅದನ್ನು ದಾಟಿ ಬಂದ ಸುಖ ಮಕ್ಕಳಿಗೆ ಬೇಕು. ಬಣ್ಣದ ವೇಷ ಜನರ ಹಿಂದಿನಿಂದ ದೊಂದಿಯ ಬೆಂಕಿಯೊಡನೆ ಅಬ್ಬರಿಸುತ್ತ ಬರುವಾಗ ನಿದ್ದೆಯಿಂದ ಬೆಚ್ಚಿ ಅಜ್ಜನ ಶಾಲಿನೊಳಗೆ ಮುಖ ಹುದುಗಿಸದ ಕರಾವಳಿಯ ಮಗುವುಂಟೇ?

ಆದರೆ ಅಲ್ಲಿ ಮಗುವಿಗೆ ಏನೇನು ಆಸರೆಗಳಿದ್ದವೆಂಬುದನ್ನೂ ನೆನೆಯಿರಿ. ಕಥೆ ಮೊದಲೇ ಗೊತ್ತಿತ್ತು. ಪ್ರಹ್ಲಾದ ಉಳಿಯುತ್ತಾನೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ರಂಗಸ್ಥಳ ಎಷ್ಟು ದೂರವೋ ಅಷ್ಟೇ ದೂರ. ವೇಷಧಾರಿಯ ಕಣ್ಣು ಇದ್ದಕ್ಕಿದ್ದಂತೆ ಹನ್ನೆರಡಡಿ ಎತ್ತರಕ್ಕೆ ಬೆಳೆದು ಮಗುವಿನ ಮುಖದ ಮುಂದೆ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸಂಜೆಯೇ ವೇಷ ಕಟ್ಟುವ ಚೌಕಿಗೆ ಹೋಗಿ ಇಣುಕಿದರೆ ರಾತ್ರಿಯ ರಾಕ್ಷಸ ಕನ್ನಡಿ ಹಿಡಿದು ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಳ್ಳುತ್ತ ಕುಳಿತಿರುವುದು ಕಾಣುತ್ತಿತ್ತು. ಸಿನಿಮಾ ತನ್ನ ಚೌಕಿಯನ್ನು ಮುಚ್ಚಿಡುತ್ತದೆ.

ಮುಚ್ಚಿಟ್ಟದ್ದನ್ನು ತೆರೆಯುವುದು ಈಗ ಕಷ್ಟವೇನಲ್ಲ. ಮೇಲೆ ಹೇಳಿದ ಡೇವಿ ಜೋನ್ಸ್ ಪಾತ್ರವನ್ನು ಬಿಲ್ ನೈಯಿ ಎಂಬ ನಟರು ಮುಖದ ಮೇಲೆ ಚುಕ್ಕೆಗಳನ್ನು ಇಟ್ಟುಕೊಂಡು, ಬೂದು ಬಣ್ಣದ ಬಿಗಿಯುಡುಪು ತೊಟ್ಟು ಅಭಿನಯಿಸಿದರು. ಆಕ್ಟೋಪಸ್ಸಿನ ಗಡ್ಡ, ಏಡಿಯ ಕೊಂಡಿ ಎಲ್ಲವೂ ಆಮೇಲೆ ಕಂಪ್ಯೂಟರಿನಲ್ಲಿ ಸೇರಿದ್ದು. ಚಿತ್ರ ತಯಾರಾದ ಬಗೆಯನ್ನು ತೋರಿಸುವ ತುಣುಕುಗಳು ಸಿಗುತ್ತವೆ. ಅವನ್ನು ಚಿತ್ರಕ್ಕಿಂತ ಮೊದಲು ಮೊಮ್ಮಕ್ಕಳಿಗೆ ತೋರಿಸಿ. ಬೂದು ಉಡುಪಿನ ಆ ಮನುಷ್ಯ ಸಮುದ್ರದ ಒಡೆಯನಂತೆ ಗದರುವುದನ್ನು ಕಂಡು ನಕ್ಕ ಮಗು ಆಮೇಲೆ ಪರದೆಯ ಮೇಲಿನ ರೂಪಕ್ಕೆ ಹೆದರಿದರೂ ಸೋಲುವುದಿಲ್ಲ. ದಾವಣಗೆರೆಯ ತಾಯಿಗೂ ಇದೇ ಸಲಹೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಮುಖವಾಡದ ಕತ್ತಿವೀರ ‘ಜೋರೋ’ನ ಚಿತ್ರಗಳನ್ನು ತೋರಿಸಬೇಕೆಂದಿದ್ದೇನೆ. ಮೊದಲನೆಯದು ಸೌಮ್ಯ, ಎರಡನೆಯದು ಜೋರು ಎಂಬ ಲೆಕ್ಕ ಇಲ್ಲಿಯೂ ಸರಿಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ತಿರುಗುಮುರುಗು. ಆಂಟೋನಿಯೊ ಬ್ಯಾಂಡೆರಾಸ್ ಅವರ 1998ರ ‘ದಿ ಮಾಸ್ಕ್ ಆಫ್ ಜೋರೋ’ಗೆ ಅಮೆರಿಕದಲ್ಲಿ ಪಿಜಿ-13, 2005ರ ‘ದಿ ಲೆಜೆಂಡ್ ಆಫ್ ಜೋರೋ’ಗೆ ಪಿಜಿ. ಮೊದಲನೆಯದರಲ್ಲಿ ಸತ್ತ ಅಣ್ಣನ ತಲೆಯನ್ನು ಖಳನಾಯಕ ಗಾಜಿನ ಭರಣಿಯಲ್ಲಿಟ್ಟು ತಮ್ಮನಿಗೆ ತೋರಿಸುತ್ತಾನೆ. ಎರಡನೆಯದನ್ನು ಮಾಡಿದವರು ಮಕ್ಕಳನ್ನು ಕಣ್ಣೆದುರಿಗಿಟ್ಟುಕೊಂಡೇ ಜೋರೋಗೆ ಒಬ್ಬ ತುಂಟ ಮಗನನ್ನು ಕೊಟ್ಟು, ಕಥೆಯ ಒಳ್ಳೆಯ ಪಾಲನ್ನು ಅವನಿಗೆ ಬಿಟ್ಟುಕೊಟ್ಟಿದ್ದಾರೆ. ಆದರೆ ಆ ಸೌಮ್ಯ ಚಿತ್ರದಲ್ಲಿ ತಂದೆತಾಯಿ ಜಗಳವಾಡಿ ವಿಚ್ಛೇದನವಾಗುತ್ತದೆ, ತಾಯಿ ಬೇರೊಬ್ಬ ಗಂಡಸಿನ ಜೊತೆ ಓಡಾಡುತ್ತಾಳೆ, ತಂದೆ ಕುಡಿದು ತೂರಾಡುತ್ತಾನೆ. ಅದರ ಹಿಂದೆ ಗುಟ್ಟಿದೆಯೆಂದು ತಡವಾಗಿ ತಿಳಿಯುತ್ತದೆ. ನಿಮ್ಮ ಮನೆಯಲ್ಲಾಗಲಿ ಮಗನ ಆಪ್ತ ಗೆಳೆಯನ ಮನೆಯಲ್ಲಾಗಲಿ ಈಚೆಗೆ ಅಂಥದ್ದೇನಾದರೂ ನಡೆದಿದ್ದರೆ ಈ ಚಿತ್ರವನ್ನು ಸದ್ಯಕ್ಕೆ ಬದಿಗಿಡಿ. ಇಲ್ಲವಾದರೆ ಎರಡನೆಯದರಿಂದಲೇ ಶುರುಮಾಡಿ. ಕಥೆಯ ಕ್ರಮ ಕೆಟ್ಟಿತೆಂದು ಎಂಟು ವರ್ಷದವರು ದೂರುವುದಿಲ್ಲ.

ಪ್ರಶ್ನೆ: ಸಲಹೆ ಕೇಳುವ ಹೊತ್ತು ಮೀರಿದೆ. ಆರು ವರ್ಷದ ಮಗು ಅಣ್ಣನ ಜೊತೆ ಇಂಥದ್ದೇ ಒಂದು ಚಿತ್ರ ನೋಡಿ, ಈಗ ರಾತ್ರಿ ಎದ್ದು ಅಳುತ್ತದೆ. ಅದೆಲ್ಲ ಸುಳ್ಳೆಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಇನ್ನೊಮ್ಮೆ ತೋರಿಸಿದರೆ ಭಯ ಬಿಟ್ಟುಹೋಗುತ್ತದೆ ಎನ್ನುತ್ತಾರೆ ನಮ್ಮ ಮಾವ.
– ಓದುಗರೊಬ್ಬರು, ಗದಗ

ಉತ್ತರ: ಬಲವಂತದಿಂದ ಮತ್ತೆ ತೋರಿಸಬೇಡಿ. ಸುಳ್ಳೆಂದು ಹೇಳುವುದು ಒಂಬತ್ತು ಹತ್ತರ ಮಕ್ಕಳಿಗೆ ಸಮಾಧಾನ ತರುತ್ತದೆ, ಆರು ವರ್ಷದವರಿಗೆ ಅಷ್ಟಾಗಿ ತರುವುದಿಲ್ಲ. ಮೇಲೆ ಹೇಳಿದ ಕ್ಯಾಂಟರ್ ಅವರ ಸಂಶೋಧನೆಯಲ್ಲಿಯೂ ಚಿಕ್ಕವರಿಗೆ ಮಾತಿಗಿಂತ ಹೆಚ್ಚಾಗಿ ಒದಗಿದ್ದು ಹಿಡಿದುಕೊಳ್ಳಲು ಏನಾದರೊಂದು ವಸ್ತು, ಹತ್ತಿರದಲ್ಲಿ ಒಬ್ಬ ಮನುಷ್ಯ, ಬೇರೆ ಕಡೆಗೆ ತಿರುಗಿದ ಗಮನ. ಕೆಲವು ದಿನ ಜೊತೆಯಲ್ಲಿ ಮಲಗಿಸಿಕೊಳ್ಳಿ, ಸಣ್ಣ ದೀಪ ಉರಿಯಲಿ, ಮಲಗುವ ಮುನ್ನ ಅದಕ್ಕೆ ಪ್ರಿಯವಾದ ಹಳೆಯ ಕಥೆಯನ್ನೇ ಹೇಳಿ. ಹೆದರುಪುಕ್ಕಲ ಎಂದು ಅಣ್ಣ ಛೇಡಿಸುವುದನ್ನು ಮಾತ್ರ ಗಟ್ಟಿಯಾಗಿ ನಿಲ್ಲಿಸಿ. ಹಗಲಿನಲ್ಲಿ ಆ ರೂಪವನ್ನು ತಾನಾಗಿ ಕಾಗದದ ಮೇಲೆ ಬಿಡಿಸಿದರೆ ಬಿಡಿಸಲಿ, ಅದಕ್ಕೆ ಮೀಸೆ ಬರೆದು ಹರಿದುಹಾಕಿದರೆ ಮತ್ತೂ ಒಳ್ಳೆಯದು. ಮೂರು ನಾಲ್ಕು ವಾರ ಕಳೆದರೂ ನಿದ್ದೆ ಸರಿಹೋಗದೆ, ಊಟ ಬಿಡುವುದು, ಶಾಲೆಗೆ ಹೋಗಲು ಒಲ್ಲೆನೆನ್ನುವುದು ಕಂಡುಬಂದರೆ ಮಕ್ಕಳ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು, ಅದಕ್ಕೆ ಹಣ ಕೊಡಬೇಕಾಗಿಲ್ಲ.